ಬಾಣಂತಿಗೆ ಬಡಿಸಿದ ಬಿಳಿ ಅನ್ನ

ಎಂಬತ್ತು ದಾಟಿದ ಮೇಲೂ ನಾನು ಕೋಲು ಹಿಡಿಯದೆ ನಡೆಯುವುದನ್ನು ಕಂಡವರು ಗುಟ್ಟೇನು ಎಂದು ಕೇಳುತ್ತಾರೆ. ತವುಡು ಹೋಗದ ಕುಚ್ಚಲಕ್ಕಿ, ಗಂಜಿತೆಳಿ, ಬಸಳೆ, ಒಂದು ಹಿಡಿ ಹುರುಳಿ ಎಂದು ಹೇಳಿ ಸುಮ್ಮನಾಗುತ್ತೇನೆ. ಇಷ್ಟನ್ನು ಕಲಿಯಲು ಒಂದು ಮಗು ಸಾಯಬೇಕಾಯಿತು ಎಂದು ಇದುವರೆಗೆ ಯಾರಿಗೂ ಹೇಳಿಲ್ಲ.

ನನ್ನ ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಮ್ಮ ಬೇಗ ತೀರಿಕೊಂಡದ್ದರಿಂದ ಅವಳ ತಲೆ ಬಾಚಿದವಳು, ಬೈದವಳು, ಮದುವೆಯ ದಿನ ಸೀರೆ ಉಡಿಸಿದವಳು ಎಲ್ಲ ನಾನೇ. ಎರಡನೇ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿರಬೇಕು. ಚೊಚ್ಚಲ ಹೆರಿಗೆಗೆಂದು ಏಳನೇ ತಿಂಗಳಲ್ಲಿ ಅವಳು ಮುಳ್ಳೇರಿಯದ ಹತ್ತಿರದ ನಮ್ಮ ಮನೆಗೆ ಬಂದಳು. ತವರೆಂದರೆ ಅವಳಿಗೆ ನಾನಿದ್ದ ಜಾಗ. ತಾಯಿಯಿಲ್ಲದ ಹುಡುಗಿಯ ಬಾಣಂತನದಲ್ಲಿ ಕೊರತೆ ಹುಡುಕುವುದು ಊರವರಿಗೆ ಬಹಳ ಸುಲಭ. ಯಾರೂ ನನ್ನತ್ತ ಬೆರಳು ತೋರಿಸಬಾರದೆಂದು ಹಟ ಹಿಡಿದೆ.

ಆ ವರ್ಷವೇ ಪೇಟೆಗೆ ಅಕ್ಕಿ ಮಿಲ್ಲು ಬಂದಿತ್ತು. ಅಲ್ಲಿ ಎರಡೆರಡು ಸಲ ಪಾಲಿಶ್ ಮಾಡಿಸಿದ ಬೆಳ್ತಿಗೆ ಅಕ್ಕಿ ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗಿರುತ್ತಿತ್ತು. ನಮ್ಮ ಅಂಗಳದಲ್ಲಿ ಒಬ್ಬ ಮುದುಕಿ ಒನಕೆಯಲ್ಲಿ ಕುಟ್ಟಿಕೊಡುತ್ತಿದ್ದ ಕುಚ್ಚಲಕ್ಕಿ ಅದರ ಮುಂದೆ ಮಣ್ಣಿನ ಬಣ್ಣ. ನೆಂಟರಿಗೆ, ಬಸುರಿಗೆ, ಬಾಣಂತಿಗೆ ಬಿಳಿ ಅನ್ನ. ಕೆಲಸದವರಿಗೆ ಕೆಂಪು ಅನ್ನ. ನಮ್ಮ ಮನೆಯ ಮರ್ಯಾದೆ ಹಾಗೆ. ತಂಗಿಗೆ ಮಿಲ್ಲಿನ ಅಕ್ಕಿ ತರಿಸಿದ್ದನ್ನು ನೋಡಿ ಮುದುಕಿ ಒನಕೆ ನಿಲ್ಲಿಸಿದಳು.

"ಅವರಿಗೆ ಕುಚ್ಚಲಕ್ಕಿಯನ್ನೇ ಕೊಡಿ ಅಮ್ಮ. ಅದರಲ್ಲಿ ಶಕ್ತಿ ಉಂಟು. ನನ್ನ ಏಳು ಮಕ್ಕಳೂ ಅದರಲ್ಲೇ ಬೆಳೆದದ್ದು."

ನನ್ನ ಬಾಯಿಗೆ ಆಗ ಲಗಾಮು ಇರಲಿಲ್ಲ. "ಮಿಲ್ಲಿನ ಅಕ್ಕಿ ಬಂದರೆ ನಿನಗೆ ಕೆಲಸ ಇಲ್ಲ ಅಲ್ವಾ, ಅದಕ್ಕೆ ನೀನು ಹೀಗೆ ಹೇಳುವುದು" ಎಂದೆ. ಅವಳು ಒನಕೆಯನ್ನು ಗೋಡೆಗೆ ಒರಗಿಸಿ, ಸೆರಗಿನ ತವುಡು ಕೊಡವಿ ಹೋದಳು. ಮರುದಿನ ಬರಲಿಲ್ಲ. ಹೋದರೆ ಹೋಗಲಿ ಎಂದುಕೊಂಡೆ.

ತಂಗಿಗೆ ಅಂದಿನಿಂದ ಬಿಳಿ ಅನ್ನವೇ. ಹೆರಿಗೆಯಾದ ಮೇಲಂತೂ ಪಥ್ಯ ಇನ್ನೂ ಬಿಗಿಯಾಯಿತು: ಅನ್ನ, ತುಪ್ಪ, ಕಾಳುಮೆಣಸಿನ ಸಾರು. ಬೇಳೆ ವಾಯು, ಸೊಪ್ಪು ಶೀತ, ಮೀನು ನಂಜು. ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ಬೇಯಿಸಿ, ತೆಳಿ ಒಂದು ಹನಿ ಉಳಿಯದ ಹಾಗೆ ಬಸಿದು ಬಡಿಸುತ್ತಿದ್ದೆ. ಬಸಿದ ತೆಳಿಗೆ ಮಿಲ್ಲಿನಿಂದ ತಂದ ತವುಡು ಬೆರೆಸಿ, ಹಟ್ಟಿಯಲ್ಲಿ ಆಗಷ್ಟೇ ಕರು ಹಾಕಿದ್ದ ಹಸುವಿಗೆ ಇಡುತ್ತಿದ್ದೆ. ನಾನು ಮಾಡಿದ ಎರಡು ಬಾಣಂತನಗಳಲ್ಲಿ ಸರಿಯಾದದ್ದು ಅದೊಂದೇ.

"ಅಕ್ಕ, ಒಂಚೂರು ಬಸಳೆ ಪದಾರ್ಥ ಕೊಡು. ಬಾಯಿ ಸಪ್ಪೆ ಆಗಿದೆ" ಎಂದು ತಂಗಿ ಒಮ್ಮೆ ಕೇಳಿದಳು. ನಾನು ಕಣ್ಣು ಕೆಕ್ಕರಿಸಿ ನೋಡಿದೆ. ಅವಳು ತಲೆ ತಗ್ಗಿಸಿ ಉಂಡಳು.

ಹುಟ್ಟುವಾಗ ಗಂಡುಮಗು ಗಟ್ಟಿಮುಟ್ಟಾಗಿತ್ತು. ಎರಡು ತಿಂಗಳು ತುಂಬುವ ಹೊತ್ತಿಗೆ ಅದರ ಸ್ವರ ಒಡೆಯಿತು. ಆಮೇಲೆ ಸ್ವರವೇ ನಿಂತಿತು. ಬಾಯಿ ತೆರೆದು, ಮುಖ ಕೆಂಪಾಗಿಸಿ ಅಳುತ್ತಿತ್ತು, ಸದ್ದಿಲ್ಲ. ನೋಡಲು ಬಂದ ನೆರೆಮನೆಯವಳು "ಎಷ್ಟು ಪಾಪದ ಮಗು ಮಾರಾಯ್ತಿ, ಅಳುವುದೇ ಇಲ್ಲ" ಎಂದಳು. ನನಗೆ ಹೆಮ್ಮೆಯಾಯಿತು! ತಂಗಿಯ ಪಾದ ಊದಿಕೊಂಡಿತ್ತು. ಕಾಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದಳು. ಬಾಣಂತಿಯ ಮೈ ಎಂದರೆ ಹಾಗೆಯೇ ಎಂದು, ಕುಡಿಯುವ ನೀರನ್ನೂ ಕಡಿಮೆ ಮಾಡಿದೆ.

ಒಂದು ಬೆಳಿಗ್ಗೆ ಮಗು ಮೊಲೆ ಹಿಡಿಯಲಿಲ್ಲ. ತುಟಿ ನೀಲಿಯಾಗಿತ್ತು. ನನ್ನ ಗಂಡ ಗಾಡಿ ಕಟ್ಟಿಸಿ ನಮ್ಮನ್ನು ಬಸ್ಸಿನ ದಾರಿಗೆ ಮುಟ್ಟಿಸಿದರು. ಕಾಸರಗೋಡು ತಲುಪುವ ಮೊದಲೇ ಬಸ್ಸಿನಲ್ಲಿ, ತಂಗಿಯ ಮಡಿಲಲ್ಲಿ, ಮಗು ಹೋಗಿತ್ತು. ಎಲ್ಲಿ, ಯಾವ ತಿರುವಿನಲ್ಲಿ ಎಂದು ನಮಗಿಬ್ಬರಿಗೂ ಗೊತ್ತಿಲ್ಲ. ಅಳುವ ಮಗುವಾಗಿದ್ದರೆ ಅಳು ಯಾವಾಗ ನಿಂತಿತೆಂದಾದರೂ ತಿಳಿಯುತ್ತಿತ್ತು.

ಡಾಕ್ಟರು ಮಗುವನ್ನು ನೋಡಿದರು, ಆಮೇಲೆ ತಂಗಿಯ ಪಾದವನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಗುಳಿ ಹಾಗೆಯೇ ಉಳಿಯಿತು.

"ಬಾಣಂತಿಗೆ ಎಂತ ಕೊಡ್ತಾ ಇದ್ದೀರಿ?"

ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ನಾನು ಕೊರತೆ ಮಾಡಿಲ್ಲವೆಂದು ಆಗಲೂ ತೋರಿಸಬೇಕಿತ್ತು ನನಗೆ.

"ಅಕ್ಕಿಯ ಸತ್ವ ಇರುವುದೇ ತವುಡಿನಲ್ಲಿ" ಎಂದರು ಅವರು. "ಅದಿಲ್ಲದ ಅನ್ನ ಮಾತ್ರ ಉಂಡರೆ ತಾಯಿಯ ಹಾಲಿನಲ್ಲಿಯೂ ಸತ್ವ ಇಲ್ಲ. ಮಗುವಿನ ಸ್ವರ ನಿಲ್ಲುವುದೂ, ತಾಯಿಯ ಕಾಲು ಊದುವುದೂ ಅದರಿಂದಲೇ. ತವುಡು ಎಂತ ಮಾಡಿದಿರಿ?"

"ಹಸುವಿಗೆ ಹಾಕಿದೆ" ಎಂದೆ. ಆ ಎರಡು ಪದಗಳನ್ನು ಹೇಳುವಾಗ ತಂಗಿ ನನ್ನನ್ನು ನೋಡುತ್ತಿದ್ದಳು.

ಅವಳಿಗೆ ಸೂಜಿಮದ್ದು ಕೊಟ್ಟರು. ಮನೆಗೆ ಬಂದ ಮೇಲೆ ಬೆಲ್ಲ ಹಾಕಿ ಬೇಯಿಸಿದ ತವುಡು, ಹುರುಳಿ, ಕೆಂಪು ಗಂಜಿ. ಎರಡು ವಾರಗಳಲ್ಲಿ ಊತ ಇಳಿದು ಎದ್ದು ಓಡಾಡಿದಳು. ಎರಡೇ ವಾರ! ಅಷ್ಟು ಸುಲಭದಲ್ಲಿ ಸರಿಯಾಗುವಂಥದ್ದಾಗಿತ್ತು ಅದು. ನನಗೆ ಇವತ್ತಿಗೂ ಸಹಿಸಲಾಗದ್ದು ಅದೇ. ಕುಟ್ಟುವ ಮುದುಕಿಯ ಗುಡಿಸಲಿಗೆ ನಾನೇ ಹೋಗಿ ನಿಂತೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. "ನಾಳೆ ಬರ್ತೇನೆ ಅಮ್ಮ" ಎಂದು ಅವಳೇ ಹೇಳಿದಳು.

ತಂಗಿ ಒಂದು ಸಲವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನಾನೂ ನಾಲ್ಕು ಮಾತು ಹೇಳಿ, ಅತ್ತು, ಹಗುರಾಗುತ್ತಿದ್ದೆನೋ ಏನೋ. ಎರಡು ವರ್ಷಗಳ ನಂತರ ಅವಳು ಮತ್ತೆ ಬಸುರಿಯಾದಳು. ಸುದ್ದಿ ತಿಳಿದ ದಿನದಿಂದಲೇ ನಾನು ಸಿದ್ಧತೆಗೆ ತೊಡಗಿದೆ. ಅಕ್ಕಿ ಕುಟ್ಟಿಸಿ ಇಟ್ಟೆ, ಬಾವಿಕಟ್ಟೆಯ ಬಳಿ ಬಸಳೆ ಚಪ್ಪರ ಹಾಕಿಸಿದೆ, ಕರೆಯಲು ಬರುತ್ತೇನೆಂದು ಹೇಳಿ ಕಳುಹಿಸಿದೆ. ಅದಕ್ಕೆ ಮೊದಲೇ ಅವಳು ಒಂದು ಮಧ್ಯಾಹ್ನ ತಾನೇ ಬಂದಳು.

ಊಟವಾದ ಮೇಲೆ ಚಾವಡಿಯಲ್ಲಿ ನನ್ನ ಪಕ್ಕ ಕುಳಿತು ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ಈ ಸಲ ನಾನು ಇಲ್ಲಿಗೆ ಬರುವುದಿಲ್ಲ."

"ಈಗ ನನಗೆ ಗೊತ್ತುಂಟಲ್ಲ ಮಗಾ. ಡಾಕ್ಟ್ರು ಹೇಳಿದ ಹಾಗೆಯೇ ಮಾಡ್ತೇನೆ."

"ಮಾಡ್ತಿ ನೀನು, ನನಗೆ ಗೊತ್ತುಂಟು. ಆದರೆ ನೀನು ಎಂತ ಬಡಿಸಿದರೂ ಬೇಡ ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ಆಗಲೂ ಆಗಲಿಲ್ಲ. ಅದಕ್ಕೆ."

ಅವಳ ಆಮೇಲಿನ ಮೂರು ಮಕ್ಕಳೂ ಗಂಡನ ಮನೆಯಲ್ಲೇ ಹುಟ್ಟಿದವು.