ಒಣಗದ ಗೋಡೆ

ದೇವಕಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಗಂಡ ದಕ್ಷಿಣಾಮೂರ್ತಿ, ಕಾಲೇಜಿಗೆ ಹೋಗುವ ಮಗಳು ಹರಿಣಿ, ದೆಹಲಿಯ ಮಯೂರ್ ವಿಹಾರದಲ್ಲೊಂದು ಫ್ಲ್ಯಾಟು, ಇಷ್ಟೇ ಸಂಸಾರ. ಮೆಟ್ರೋದಲ್ಲಿ ನಿಂತೇ ಹೋಗಿ ನಿಂತೇ ಬರುವ ಜೀವ. ಮನೆಗೆ ಬಂದು ಒಂದಿಷ್ಟು ಮೈ ಚಾಚೋಣವೆಂದರೆ ಮಲಗುವ ಕೋಣೆಗೆ ಕಾಲಿಡಲೇ ಬೇಸರ.

ಬಚ್ಚಲಿಗೆ ಅಂಟಿಕೊಂಡ ಗೋಡೆಯಲ್ಲಿ ಮೊದಲು ಬಣ್ಣ ಉಬ್ಬಿತು. ಆಮೇಲೆ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬಿತು. ಒಳಗಿದ್ದ ರೇಷ್ಮೆ ಸೀರೆಗಳಿಗೂ ಮುಗ್ಗಲು ವಾಸನೆ ಹತ್ತಿತು. ದಕ್ಷಿಣಾಮೂರ್ತಿಗೆ ಮೊದಲೇ ದಮ್ಮು, ಈಗ ಕೆಮ್ಮು ಬಿಡದಾಯಿತು. ಭಾನುವಾರ ಬಂತೆಂದರೆ ದೇವಕಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಗೋಡೆ ಉಜ್ಜುವಳು. ಕೆಲವೇ ದಿನಕ್ಕೆ ಮತ್ತೆ ಅದೇ ಕಪ್ಪು.

ತಪ್ಪು ಮೇಲಿನ ಮನೆಯ ನಿರ್ಮಲ್ ಚಡ್ಢಾ ಅವರದೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವರ ಬಚ್ಚಲು ಸರಿಯಾಗಿ ಇವರ ಬಚ್ಚಲಿನ ನೆತ್ತಿಯ ಮೇಲಿತ್ತು. ಹೇಳಿ ನೋಡಿದಳು, ಜಗಳವಾಡಿದಳು, ಸೊಸೈಟಿಗೆ ದೂರು ಕೊಟ್ಟಳು. ಗಂಡ ತೀರಿಹೋಗಿ ಒಂಟಿಯಾಗಿದ್ದ ಆ ಹೆಂಗಸು ಕೊನೆಗೆ ಸೋತು, ಬಚ್ಚಲಿನ ನೆಲವನ್ನೇ ಒಡೆಸಿ ಹೊಸದು ಹಾಕಿಸಿದರು. ಕೆಲಸ ಮುಗಿಯುವವರೆಗೆ ಪಕ್ಕದ ಮನೆಯಲ್ಲಿ ಸ್ನಾನ ಮಾಡಿಕೊಂಡರು. ಆದರೂ ಗೋಡೆ ಒಣಗಲಿಲ್ಲ. ಇಬ್ಬರ ನಡುವೆ ಮಾತು ಮಾತ್ರ ನಿಂತುಹೋಯಿತು.

ಈ ಬೇಸಿಗೆಯಲ್ಲಿ ಚಡ್ಢಾ ನೀರಿನ ವಾಲ್ವ್ ಮುಚ್ಚಿ, ಮನೆಗೆ ಬೀಗ ಹಾಕಿ ಡೆಹ್ರಾಡೂನಿನ ಮಗಳ ಮನೆಗೆ ಹೋದರು. ಹೊರಗೆ ಹರವಿದ ಬಟ್ಟೆ ನೋಡನೋಡುತ್ತಲೇ ಗರಿಗರಿಯಾಗುವ ಬಿಸಿಲು. ಒಳಗೆ ಗೋಡೆ ಬೆವರುತ್ತಲೇ ಇತ್ತು.

"ಆಂಟಿ ಮನೇಲಿ ಯಾರೂ ಇಲ್ಲ. ಫಿರ್ ನೀರು ಎಲ್ಲಿಂದ, ಅಮ್ಮಾ?" ಎಂದಳು ಹರಿಣಿ.

ದೇವಕಿ ಎದ್ದುಹೋಗಿ ಅದೇ ಗೋಡೆಯೊಳಗಿಂದ ತಮ್ಮದೇ ಗೀಸರಿಗೆ ಹೋಗುವ ನೀರನ್ನು ಬಂದ್ ಮಾಡಿದಳು. ವಾರದೊಳಗೆ ತೇವ ಇಳಿಯಿತು. ಪ್ಲಂಬರ್ ಬಂದು ಗೋಡೆ ಒಡೆದಾಗ, ಗೀಸರಿಗೆಂದು ಇವರೇ ಕೂರಿಸಿದ್ದ ಪೈಪು ತುಕ್ಕು ಹಿಡಿದು ತೂತಾಗಿತ್ತು. ಪೈಪು ಬದಲಿಸಿ, ಹಳೆಯ ಗಾರೆ ಕೆತ್ತಿಸಿ, ಫ್ಯಾನ್ ಹಾಕಿ ಒಣಗಿಸಿ, ಬಣ್ಣ ಬಳಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು.

ಚಡ್ಢಾ ವಾಪಸು ಬಂದ ಸಂಜೆ, ಫೋನಿನಲ್ಲೇ ಹೇಳಿಬಿಡು ಎಂದರು ದಕ್ಷಿಣಾಮೂರ್ತಿ.

"ಜಗಳಕ್ಕೆ ಮೆಟ್ಟಿಲು ಹತ್ತಿಕೊಂಡು ಹೋಗಿದ್ದೆನಲ್ಲ ರೀ. ಇದಕ್ಕೂ ಹಾಗೇ ಹೋಗಬೇಕು."

ಚಡ್ಢಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಬಿಚ್ಚದ ಸೂಟ್‌ಕೇಸ್ ಕಾಣುತ್ತಿತ್ತು. ದೇವಕಿ ತನಗೆ ಬಂದ ಹಿಂದಿಯಲ್ಲಿ ತಪ್ಪು ನಮ್ಮದೇ ಎಂದಳು, ಕ್ಷಮಿಸಿ ಎಂದಳು.

"ಒಡೆಸಿದ ಆ ಟೈಲ್ಸ್ ನನ್ನ ಯಜಮಾನರು ಆರಿಸಿ ತಂದದ್ದು" ಎಂದರು ಚಡ್ಢಾ. "ಇರಲಿ. ಇವತ್ತು ಸುಸ್ತಾಗಿದೆ, ದೇವಕಿ ಜೀ. ಇನ್ನೊಂದು ದಿನ ಬನ್ನಿ."

ದೇವಕಿ ಕೆಳಗಿಳಿದು ಬಂದು ಅಕ್ಕಿ ತೊಳೆದು ಕುಕ್ಕರಿಗಿಟ್ಟಳು. ಸಿಟ್ಟು ಮಾಡಿಕೊಂಡರೇ ಎಂದು ಗಂಡ ಕೇಳಿದರು.

"ಇಲ್ಲ" ಎಂದಳು. "ಸಿಟ್ಟಾಗುವಷ್ಟು ತ್ರಾಣವೂ ಇದ್ದ ಹಾಗೆ ಕಾಣಲಿಲ್ಲ."