ಅಕ್ಕನ ಮಂಗಳವಾರ

ಅಕ್ಕನ ಬಲಭುಜ ಎಡಭುಜಕ್ಕಿಂತ ಎರಡು ಬೆರಳಿನಷ್ಟು ಇಳಿದಿತ್ತು. ಮಾವನನ್ನು ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ, ಮತ್ತೆ ಮಲಗಿಸಿ ಆದದ್ದು ಅದು. ಎಂಥ ರವಿಕೆ ಹೊಲಿಸಿದರೂ ಬಲತೋಳು ಜಾರುತ್ತಿತ್ತು. ಅದನ್ನು ಮೇಲೆ ಎಳೆದುಕೊಳ್ಳುತ್ತಲೇ ಅವಳು ಮಾತಾಡುತ್ತಿದ್ದಳು.

ಅಕ್ಕ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ತೀರಿಕೊಂಡ ಅಣ್ಣನ ಹೆಂಡತಿ. ನಾನು ಗುಂಡ್ಲುಪೇಟೆಯ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೇ ಮಾವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಏನು ಬೇಕಾದರೂ ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದರು. ಅಡುಗೆಮನೆಯಿಂದಲೋ ಹಿತ್ತಿಲಿನಿಂದಲೋ ಅಕ್ಕ “ಬಂದೆ” ಅನ್ನುತ್ತಿದ್ದಳು. ನಿದ್ದೆಯಲ್ಲೂ ಅನ್ನುತ್ತಿದ್ದಳು. ಒಮ್ಮೆ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೂ ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಬೇರೆ ಯಾರು ತುತ್ತಿಟ್ಟರೂ ಮಾವ ಬಾಯಿ ತೆರೆಯುತ್ತಿರಲಿಲ್ಲ. ಉಮ್ಮತ್ತೂರಿನಲ್ಲಿ ಅವಳ ಅವ್ವ ಸತ್ತಾಗ ಬೆಳಿಗ್ಗೆ ಹೋದವಳು, ಮಣ್ಣು ಮುಗಿಸಿಕೊಂಡು ಸಂಜೆಯ ಬಸ್ಸಿಗೇ ವಾಪಸ್ ಬಂದಳು. ತಲೆಗೆ ನೀರು ಹಾಕಿಕೊಂಡು ಸೀದಾ ಗಂಜಿಯ ಬಟ್ಟಲು ಹಿಡಿದಳು. ಹನ್ನೊಂದನೆಯ ದಿನದ ಕಾರ್ಯಕ್ಕೆ ಕರೆಯಲು ಅವಳ ತಮ್ಮ ಬಂದಿದ್ದ. ಅಕ್ಕ ಮಾವನ ಕೋಣೆಯ ಕಡೆ ನೋಡಿ, “ನೀವೇ ಮಾಡ್ಬುಡಿ ಕಣಪ್ಪ” ಅಂದಳು.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ವಾಟ್ಸಾಪಿಗೆ ಒಂದು ಫೋಟೊ ಬಂತು. ಊಟಿ ರಸ್ತೆಯಲ್ಲಿ ಯಾರೋ ಕಾರಿನವರು ಬಿಟ್ಟುಹೋದ ಮುದಿ ಪಮೇರಿಯನ್ ನಾಯಿ. ಎರಡೂ ಕಣ್ಣಿಗೆ ಪೊರೆ. ಹಲ್ಲುದುರಿ ನಾಲಿಗೆ ಒಂದು ಕಡೆ ಜೋತುಬಿದ್ದಿತ್ತು. ಆಗಾಗ ಫಿಟ್ಸ್ ಬರುತ್ತದೆ, ಸಾಕುವವರು ಬೇಕು ಎಂದು ಬರೆದಿತ್ತು. ಚಾಮರಾಜನಗರದಲ್ಲಿ ಬಟ್ಟೆ ಹೊಲಿಯುವ ಒಬ್ಬ ಮುಸ್ಲಿಂ ಹೆಂಗಸು, ಎಲ್ಲರೂ ಆಪಾ ಎಂದು ಕರೆಯುವವರು, ಅದನ್ನು ತಮ್ಮ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದರು.

“ಇದ್ನ ಯಾರೂ ಕರ್ಕಂಡೋಗಲ್ಲ ಅಲ್ವಾ?” ಅಂದಳು ಅಕ್ಕ. ಫೋನು ವಾಪಸ್ ಕೊಡದೆ ನೋಡುತ್ತಲೇ ಇದ್ದಳು.

ನನ್ನ ಗಂಡ ಒಪ್ಪಲಿಲ್ಲ. “ಲಿಂಗಪೂಜೆ ಮಾಡೋ ಮನೆ ಅತ್ಗೆ. ಅದೂ ಅಲ್ದೆ ಇರೋ ಒಬ್ರುನ್ನ ನೋಡ್ಕಳ್ಳೋದೇ ಕಷ್ಟ. ಇನ್ನೊಂದ್ಯಾಕೆ?”

“ನೋಡ್ಕಳ್ಳೋಳು ನಾನು ತಾನೆ ಕಣಪ್ಪ?”

ಆ ಮನೆಯಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದನ್ನೇ. ಇಲ್ಲ ಎನ್ನಲು ನನ್ನ ಗಂಡನಿಗೆ ಬಾಯಿ ಬರಲಿಲ್ಲ. ನಮ್ಮ ಅಂಗಡಿಗೆ ವಾರದ ರಜೆಯಿದ್ದ ಒಂದು ಮಂಗಳವಾರ ಅಕ್ಕ ಚಾಮರಾಜನಗರಕ್ಕೆ ಹೋಗಿ, ಟವೆಲ್ ಹಾಸಿದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಾಯಿಯನ್ನು ತಂದಳು.

“ಆಪಾ ಒಂದು ಷರತ್ತು ಹಾಕವ್ರೆ,” ಅಂದಳು. “ವಾರ ವಾರ ತಂದು ತೋರಿಸ್ಬೇಕಂತೆ. ಇಲ್ದಿದ್ರೆ ವಾಪಸ್ ಇಸ್ಕತಾರಂತೆ.”

“ಇಲ್ಲೇ ದನದ ಆಸ್ಪತ್ರೆ ಐತಲ್ಲ ಅತ್ಗೆ?”

“ಮಾತು ಕೊಟ್ಬುಟ್ಟಿವ್ನಿ.”

ಅದನ್ನು ಅವಳು ಮುದ್ಕಿ ಎಂದು ಕರೆದಳು. ಜೋತ ನಾಲಿಗೆ ಒಣಗದಂತೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು, ರಾಗಿ ಅಂಬಲಿಗೆ ಹಾಲು ಬೆರೆಸಿ ಬೆರಳಲ್ಲಿ ತಿನ್ನಿಸುತ್ತಿದ್ದಳು. ಫಿಟ್ಸ್ ಬಂದರೆ ಪಕ್ಕದಲ್ಲಿ ಕೂತು, ನಡುಕ ನಿಲ್ಲುವವರೆಗೂ ಏಳುತ್ತಿರಲಿಲ್ಲ. ಲೋಟ ಎಷ್ಟು ಬಡಿದರೂ ಆಗ ಮಾತ್ರ ಏಳುತ್ತಿರಲಿಲ್ಲ. ನಾನು ಕಸ ಗುಡಿಸುವಾಗ ಸಾಮಾನು ಸರಿಸಿದರೆ, “ಜಾಗ ಬದಲಾಯಿಸ್ಬ್ಯಾಡ ಕಣಮ್ಮಿ, ಅವ್ಳು ಮನೆಯೆಲ್ಲ ನೆಪ್ಪಿಟ್ಕಂಡವ್ಳೆ” ಅನ್ನುತ್ತಿದ್ದಳು. ಮಾವ ಅದನ್ನು ಕೊನೆಗೂ ಒಪ್ಪಲಿಲ್ಲ. ಹತ್ತಿರ ಸುಳಿದರೆ ಲೋಟವನ್ನು ಎರಡು ಪಟ್ಟು ಜೋರಾಗಿ ಬಡಿಯುತ್ತಿದ್ದರು.

ಮಂಗಳವಾರ ಮಾವನಿಗೆ ಉಣಿಸುವ ಕೆಲಸ ನನಗೆ ಬಂತು. ಮೊದಲ ಸಲ ತುಟಿ ಬಿಗಿದುಕೊಂಡೇ ಇದ್ದರು. ಮಧ್ಯಾಹ್ನ ದಾಟಿದ ಮೇಲೆ ಬಾಯಿ ತೆರೆದು ಬಟ್ಟಲಷ್ಟನ್ನೂ ಕುಡಿದರು. ಸಂಜೆ ಇದನ್ನು ಹೇಳಿದರೆ ಅಕ್ಕ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಕಡೆ ತಿರುಗಿ ಕೂತಳು. ಅವ್ವನ ಕಾರ್ಯದ ದಿನ ಅವಳಿಗೆ ನೆನಪಾಗಿರಬೇಕು.

ಒಮ್ಮೆ ಅವಳನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಕಂಡಕ್ಟರ್ ಬುಟ್ಟಿಯೊಳಗೆ ಇಣುಕಿ, “ಅಮ್ಮಾ, ಹೆಂಗುಸ್ರಿಗೆ ಫ್ರೀ. ನಾಯಿಗೆ ಟಿಕೆಟ್ ತಗೀಬೇಕು” ಅಂದ.

“ಇವ್ಳೂ ಹೆಂಗ್ಸೇ ಕಣಪ್ಪ. ಆಧಾರ್ ಕಾರ್ಡ್ ಒಂದಿಲ್ಲ ಅಷ್ಟೇಯ.”

ಬಸ್ಸಿಗೆ ಬಸ್ಸೇ ನಕ್ಕಿತು. ಅಕ್ಕನೂ ನಕ್ಕಳು, ಟಿಕೆಟ್ಟನ್ನೂ ತೆಗೆದುಕೊಂಡಳು. ಆ ನಗು ನಮ್ಮ ಮನೆಯೊಳಗೆ ನಾನು ಯಾವತ್ತೂ ಕೇಳಿದ್ದಲ್ಲ.

ಎರಡು ವರ್ಷ ಹೀಗೆ ಸಾಗಿತು. ಒಂದು ಬೆಳಿಗ್ಗೆ ಲೋಟದ ಸದ್ದು ಕೇಳಿತು, “ಬಂದೆ” ಅನ್ನುವುದು ಕೇಳಲಿಲ್ಲ. ಹಿತ್ತಿಲಿಗೆ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮಾವನ ಒದ್ದೆ ಹೊದಿಕೆಯ ಮೇಲೆ ಅಕ್ಕ ಒರಗಿದ್ದಳು. ಹೃದಯ ನಿಂತಿತ್ತು. ಹೆಣವನ್ನು ಪಡಸಾಲೆಯಲ್ಲಿ ಕೂರಿಸಿ ವಿಭೂತಿ ಹಚ್ಚುತ್ತಿರುವಾಗಲೂ ಒಳಗೆ ಲೋಟ ಬಡಿಯುತ್ತಲೇ ಇತ್ತು. ಎಲ್ಲರೂ ನನ್ನ ಮುಖ ನೋಡಿದರು.

“ಬಂದೆ” ಅಂದೆ ನಾನು.

ಮಕ್ಕಳು, ಮಾವ, ಅಡುಗೆ. ಇದರ ಜೊತೆಗೆ ಕುರುಡು ನಾಯಿ ನನ್ನಿಂದಾಗದು ಅನ್ನಿಸಿತು. ಕಾರ್ಯವೆಲ್ಲ ಮುಗಿದ ಮೇಲಿನ ಮಂಗಳವಾರ, ಅತ್ತಿಗೆಯ ಸಾವಿಗೆ ಬಂದು ಉಳಿದುಕೊಂಡಿದ್ದ ನಾದಿನಿಗೆ ಮಾವನನ್ನು ಒಪ್ಪಿಸಿ, ಮುದ್ಕಿಯನ್ನು ವಾಪಸ್ ಕೊಟ್ಟುಬರಲು ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಅದು ಬುಟ್ಟಿಯಲ್ಲಿ ಮೂಗು ಮೇಲೆತ್ತಿ ಅಕ್ಕನ ವಾಸನೆ ಹುಡುಕುತ್ತಿತ್ತು.

ಸುದ್ದಿ ಕೇಳಿ ಆಪಾ ಕುತ್ತಿಗೆಯಲ್ಲಿದ್ದ ಟೇಪು ತೆಗೆದಿಟ್ಟು ಅತ್ತರು. ಅವರು ಸುಮ್ಮನಾದ ಮೇಲೆ ಹೇಳಿದೆ: “ವಾರ ವಾರ ತರಬೇಕು ಅನ್ನೋ ನಿಮ್ಮ ಷರತ್ತು ನನ್ ಕೈಲಿ ನಡೆಸಕ್ಕಾಗಲ್ಲ ಆಪಾ.”

“ಷರತ್ತಾ?” ಅಂದರು ಅವರು. “ಆವಾಗಾವಾಗ ಒಂದು ಫೋಟೊ ಕಳ್ಸಿ ಅಂದಿದ್ದೆ, ಅಷ್ಟೇಮ್ಮ. ವಾರ ವಾರ ಅವ್ರೇ ಬರ್ತಿದ್ರು.”

“ಬಂದು ಏನ್ ಮಾಡ್ತಿದ್ರು?”

“ಮಲಗ್ತಿದ್ರು. ನಾಯೀನ ಶೆಡ್ಡಲ್ಲಿ ಬಿಟ್ಟು, ಇಲ್ಲೇ ಮಿಷನ್ ಪಕ್ಕ ಚಾಪೆ ಮೇಲೆ ಮಲಗ್ಬಿಡ್ತಿದ್ರು. ನಾನು ಮಿಷನ್ ತುಳೀತಾನೇ ಇರ್ತಿದ್ದೆ, ಎಚ್ಚರ ಆಗ್ತಿರ್ಲಿಲ್ಲ. ಬಸ್ಸಿನ ಹೊತ್ತಿಗೆ ಎಬ್ಬಿಸ್ತಿದ್ದೆ. ಯಾಕೆ, ಮನೇಲಿ ಹೇಳಿರ್ಲಿಲ್ವಾ?”

ಒಂದೇ ಮನೆಯಲ್ಲಿ ಅಷ್ಟು ವರ್ಷ ಜೊತೆಗಿದ್ದೆ. ಅವಳಿಗೆ ನಿದ್ದೆ ಬೇಕಾಗಿತ್ತು ಎಂದು ನನಗೆ ಹೊಳೆದಿರಲಿಲ್ಲ. ಹಗಲು ಹೊತ್ತು ಒಂದು ಗಳಿಗೆ ಕಣ್ಣು ಮುಚ್ಚಲು ಅವಳು ಒಂದು ಕುರುಡು ನಾಯಿಯನ್ನು ಸಾಕಬೇಕಾಯಿತು, ಒಂದು ಷರತ್ತನ್ನು ಹುಟ್ಟಿಸಬೇಕಾಯಿತು.

ಸಂಜೆ ಬುಟ್ಟಿಯನ್ನು ಕಂಡ ನನ್ನ ಗಂಡ ಬಾಗಿಲಲ್ಲೇ ಕೇಳಿದರು: “ಇದ್ಯಾಕ್ ವಾಪಸ್ ತಂದೆ?”

“ಆಪಾ ತಗಳಲ್ಲ ಅಂದ್ರು. ಮಂಗಳವಾರ ಮಂಗಳವಾರ ತೋರಿಸ್ಲೇಬೇಕಂತೆ.”

“ಮತ್ತೆ ಅಪ್ಪಾಜಿ?”

“ಅವತ್ತು ಅಂಗಡಿ ರಜೆ ತಾನೆ?” ಅಂದು ಒಳಗೆ ಹೋದೆ. ಮುದ್ಕಿಯನ್ನು ಬುಟ್ಟಿಯಿಂದ ಇಳಿಸಿದೆ.

ನಾದಿನಿ ಊರಿಗೆ ಹೋದಳು. ಮತ್ತೊಂದು ಮಂಗಳವಾರ ಬಂತು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, ಗಂಜಿಯ ಬಟ್ಟಲು ಹಿಡಿದು ನನ್ನ ಗಂಡ ತಮ್ಮಪ್ಪನ ಮಂಚದ ಅಂಚಿನಲ್ಲಿ ಕೂತಿದ್ದರು. ಮೊದಲ ಚಮಚ ಗದ್ದದಿಂದ ಎದೆಯ ಮೇಲೆಲ್ಲ ಹರಿಯಿತು. ಅವರು ನನ್ನನ್ನು ಕರೆಯಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, ಎರಡನೆಯ ಚಮಚ ತುಂಬಿಕೊಂಡು ಕಾದರು.