ಮಧ್ಯಾಹ್ನದ ಇಬ್ಬನಿ

ಮೇಷ್ಟ್ರು ನಿವೃತ್ತರಾದರೂ ಅವರ ಜೇಬಿನ ಕೆಂಪು ಪೆನ್ನು ಮಾತ್ರ ನಿವೃತ್ತಿಗೆ ಒಪ್ಪುವುದಿಲ್ಲ ಎಂಬುದನ್ನು, ಓದುಗ ಮಹಾಶಯರೇ, ನೀವೂ ಗಮನಿಸಿರಬಹುದು. ಜಹೀರಾಬಾದಿನ ತೆಲುಗು ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ಮನೆ ಸೇರಿದ ನಾನು ಈಗಲೂ ಮದುವೆಯ ಆಮಂತ್ರಣ ಪತ್ರಿಕೆಗಳನ್ನು ತಿದ್ದುತ್ತೇನೆ. ಹೆಂಡತಿಯ ಕಿರಾಣಿ ಚೀಟಿ ತಿದ್ದಿದ ದಿನ ಸಾರಿನಲ್ಲಿ ಉಪ್ಪಿರಲಿಲ್ಲ.

ಎರಡು ವರ್ಷದ ಹಿಂದೆ ಕಪಾಟು ಜಾಡಿಸುವಾಗ, ರದ್ದಿಗೆ ಹೋಗದೆ ಉಳಿದ ಬಹಳ ವರ್ಷ ಹಿಂದಿನ ಉತ್ತರ ಪತ್ರಿಕೆಯೊಂದು ಕೈಗೆ ಬಂತು. ಕೀಟಾಹಾರಿ ಸಸ್ಯ ಎಲ್ಲಿ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಪಸ್ತಾಪುರದ ಸುವರ್ಣಾ ಎಂಬ ಹುಡುಗಿ, ‘ನಮ್ಮ ಹೊಲದ ಪಕ್ಕದಲ್ಲಿ’ ಎಂದು ಬರೆದಿದ್ದಳು. ಪಠ್ಯಪುಸ್ತಕದಲ್ಲಿದ್ದುದು ಎಲ್ಲೋ ದೂರದ ಬೆಟ್ಟಗಳ ಹೆಸರು. ನಾನು ಸೊನ್ನೆ ಸುತ್ತಿ, ‘ಸುಳ್ಳು ಬರೆಯಬಾರದು’ ಎಂದು ಷರಾ ಗೀಚಿ, ತರಗತಿಗೆಲ್ಲ ಓದಿ ಹೇಳಿ ನಗಿಸಿದ್ದೆ. ಈಗ ಅದನ್ನು ಕಂಡು ನನಗೆ ನಾಚಿಕೆಯಾಯಿತು. ಅವಳು ಬರೆದದ್ದು ನಿಜವಾಗಿದ್ದರೆ? ಕಣ್ಣಾರೆ ನೋಡಿಯೇ ತೀರುತ್ತೇನೆಂದು ಹಟ ಹಿಡಿದೆ.

ನೇರವಾಗಿ ಅವಳನ್ನೇ ಕೇಳಬಹುದಿತ್ತು. ಆದರೆ ಗುರುವರ್ಯರ ಘನತೆ ಬಿಡಬೇಕಲ್ಲ! ಹೀಗಾಗಿ ಎರಡು ಮಳೆಗಾಲ ತಾಂಡೂರಿನ ಕಲ್ಲುಗಣಿಗಳ ಅಂಚು, ನಾರಾಯಣಖೇಡದ ಕೆರೆಯಂಗಳ ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿ ಸೊಂಟನೋವು ಸಂಪಾದಿಸಿದೆ. ಹುಳ ತಿನ್ನುವ ಗಿಡ ಕಂಡಿರಾ ಎಂದರೆ ಬಶೀರಾಬಾದಿನಲ್ಲಿ ಆಡು ಕಾಯುವವನೊಬ್ಬ, “ಇದ್ದರೂ ಇರಬೇಕ್ರಿ, ಅದನ್ನ ನಮ್ಮ ಆಡು ತಿಂದು ಹೋಗ್ಯಾವ” ಎಂದು ನಕ್ಕ.

ಕೊನೆಗೆ ಈ ಶ್ರಾವಣದಲ್ಲಿ ಘನತೆಯನ್ನು ಮನೆಯಲ್ಲೇ ಬಿಟ್ಟು ಪಸ್ತಾಪುರಕ್ಕೆ ಹೋದೆ. ಸುವರ್ಣಾ ಈಗ ಅಲ್ಲೇ ಸಜ್ಜೆ, ನವಣೆ ಬೆಳೆಯುತ್ತಾಳೆ. ಹೊಲದ ಸೊಪ್ಪುಸದೆಗಳಿಗೆಲ್ಲ ಹೆಸರಿಟ್ಟ ಅಲ್ಲಿನ ಹೆಂಗಸರು ಈ ಗಿಡಕ್ಕೆ ಹೆಸರಿಟ್ಟಿಲ್ಲ, ಯಾಕೆಂದರೆ ಅದು ಪಲ್ಯಕ್ಕೆ ಬಾರದು.

“ಮಧ್ಯಾಹ್ನದ ತನಕ ಕೂಡ್ರಿ ಸರ್,” ಎಂದಳು ಸುವರ್ಣಾ, ಗಿಡ ತೋರಿಸು ಎಂದಾಗ. “ಬಿಸಿಲಿಗೆ ಹುಲ್ಲಿನ ಮ್ಯಾಲಿನ ಇಬ್ಬನಿ ಎಲ್ಲಾ ಆರ್ತದ, ಇದರದ್ದು ಆರಂಗಿಲ್ಲ. ಆಗ ನೋಡಾಕ ಸಸಾರ.”

ನೆತ್ತಿ ಸುಡುವ ಹೊತ್ತಿಗೆ ಬದುವಿನಾಚೆಯ ಒದ್ದೆ ಕೆಂಪು ನೆಲದಲ್ಲಿ ಮಂಡಿಯೂರಿದೆ. ರೂಪಾಯಿ ನಾಣ್ಯದಷ್ಟೇ ಅಗಲದ ಕೆಂಪು ಗಿಡ; ಎಲೆಯ ಕೂದಲುಗಳ ತುದಿಯಲ್ಲಿ ಹೊಳೆಯುವ ಅಂಟುಹನಿ; ಒಂದರಲ್ಲಿ ನೊರಜು ಸಿಕ್ಕಿಕೊಂಡಿತ್ತು.

“ಎಷ್ಟವ ಇಂಥಾವು?”

“ಕೆಂಪು ನೆಲ ಹಸಿ ಇದ್ದಲ್ಲೆಲ್ಲ ಅವ. ಕರೀ ಹೊಲದಾಗ ಒಂದೂ ಇಲ್ಲ.”

“ನಿನ್ನ ಉತ್ತರ ಸರಿ ಇತ್ತವ್ವಾ. ನಂದೇ ತಪ್ಪಾತು.”

“ಸರಿ ಅಂತ ಗೊತ್ತಿತ್ತರಿ ಸರ್. ಆದ್ರ ಆ ದಿನದ ಮ್ಯಾಲ ನಾ ಸಾಲ್ಯಾಗ ಕೈ ಎತ್ತಲೇ ಇಲ್ಲ.”

ನಾನು ಮಂಡಿಯ ಕೆಸರು ಒರೆಸಿಕೊಂಡು ಎದ್ದೆ. ಅವಳೇ ಮುಂದುವರಿಸಿದಳು: “ಈಗ ನನಗ್ಯಾಕ ಹೇಳ್ತೀರಿ? ನನ್ನ ಮಗಳು ಅದೇ ಸಾಲ್ಯಾಗ ಇದ್ದಾಳ. ಅಲ್ಲಿ ಬಂದು ಹೇಳ್ರಿ.”

ಸೋಮವಾರ ಹೋಗುತ್ತಿದ್ದೇನೆ; ಹೆಡ್‌ಮಾಸ್ತರರನ್ನು ಕೇಳಿಯೂ ಆಗಿದೆ. ಹಳೆಯ ಪತ್ರಿಕೆ ಜೇಬಿನಲ್ಲಿದೆ, ಪಕ್ಕದಲ್ಲಿ ಕೆಂಪು ಪೆನ್ನೂ ಇದೆ. ಈ ಸಲ ತಿದ್ದಬೇಕಾದದ್ದು ನನ್ನದೇ ಷರಾ. ತರಗತಿಯ ಮುಂದೆಯೇ ತಿದ್ದುತ್ತೇನೆ, ಮಕ್ಕಳು ನಗಲಿ.